ಸೀಸನ್ ಮುಗಿಯಿತು, ಕಾರ್ಡ್ ಹೋಯಿತು. ತಮ್ಮ ಇನ್ನೊಂದು ವರ್ಷ ಆಡಬೇಕಾ, ಬೇಡ್ವಾ?

ಅಣ್ಣನ ಪರ್ಸು:
ಎಲ್ಲರಿಗೂ ನಮಸ್ಕಾರ. ಗಾಲ್ಫ್ ಗೊತ್ತಿರುವವರು ಇಲ್ಲಿ ಇದ್ದೀರಿ ಅಂತ ಬರೆಯುತ್ತಿದ್ದೇನೆ. ನನಗೆ ಆಟ ಅಷ್ಟಾಗಿ ಗೊತ್ತಿಲ್ಲ. ದುಡ್ಡು ಕೊಡುವುದು ಮಾತ್ರ ಗೊತ್ತು.

ನಾವು ಮೈಸೂರಿನವರು. ತಮ್ಮನಿಗೆ 24 ವರ್ಷ. ಪಿಜಿಟಿಐ, ಅಂದರೆ ಭಾರತದ ವೃತ್ತಿಪರ ಗಾಲ್ಫ್ ಟೂರ್ ಆಡುತ್ತಾನೆ. ಹೋದ ಸಲ ಕ್ಯೂ ಸ್ಕೂಲ್ (ಅರ್ಹತಾ ಟೂರ್ನಿ) ದಾಟಿ ಕಾರ್ಡ್ (ಟೂರ್ ಆಡುವ ಹಕ್ಕು) ಸಿಕ್ಕಾಗ ಅಮ್ಮ ಬೀದಿಗೆಲ್ಲ ಸಿಹಿ ಹಂಚಿದ್ದರು. ಈ ಡಿಸೆಂಬರ್‌ಗೆ ಸೀಸನ್ ಮುಗಿಯಿತು. 14 ಟೂರ್ನಿ ಆಡಿದ. 5ರಲ್ಲಿ ಕಟ್ ದಾಟಿದ, ಅಂದರೆ ಎರಡು ದಿನದ ನಂತರವೂ ಆಟದಲ್ಲಿ ಉಳಿದ. 8ರಲ್ಲಿ ಎರಡನೇ ದಿನವೇ ಗಂಟುಮೂಟೆ ಕಟ್ಟಿದ. ಬಹುಮಾನದ ಹಣ ಒಟ್ಟು 6 ಲಕ್ಷ ಚಿಲ್ಲರೆ. ಆರ್ಡರ್ ಆಫ್ ಮೆರಿಟ್ (ವರ್ಷದ ಗಳಿಕೆಯ ರ‍್ಯಾಂಕ್) ಪಟ್ಟಿಯಲ್ಲಿ 70ರ ಆಚೆ. ಮೊದಲ 60 ಜನಕ್ಕೆ ಮಾತ್ರ ಕಾರ್ಡ್ ಉಳಿಯುತ್ತದೆ. ಅಂದರೆ ಮತ್ತೆ ಕ್ಯೂ ಸ್ಕೂಲ್.

ಖರ್ಚು ಹೇಳುತ್ತೇನೆ. ವಿಮಾನ, ರೂಮು, ಕ್ಯಾಡಿ (ಬ್ಯಾಗ್ ಹೊರುವವನು), ಎಂಟ್ರಿ ಫೀ, ಊಟ ಎಲ್ಲ ಸೇರಿ ಒಂದು ಟೂರ್ನಿಗೆ 50-60 ಸಾವಿರ. ಕೋಚ್, ಜಿಮ್, ಗ್ಲೋವು, ಬಾಲು ಬೇರೆ. ಸ್ಪಾನ್ಸರ್ ಅಂತ ಯಾರೂ ಇಲ್ಲ. ಇದ್ದರೆ ನಾನೇ. ನನ್ನ ಮದುವೆ ಮುಂದಿನ ವರ್ಷ ಇಟ್ಟುಕೊಂಡಿದ್ದೇವೆ.

ಅವನು ‘ಇನ್ನೊಂದೇ ವರ್ಷ ಅಣ್ಣ’ ಅನ್ನುತ್ತಾನೆ. ಬೇಡ ಅನ್ನಲು ಮನಸ್ಸು ಬರುತ್ತಿಲ್ಲ. ಹೂಂ ಅನ್ನಲು ಕೈಯಲ್ಲಿ ದುಡ್ಡಿಲ್ಲ. ಗೊತ್ತಿದ್ದವರು ನೇರವಾಗಿ ಹೇಳಿ.

ಕ್ರಿಕೆಟ್ಟೇ ಸಾಕು:
ಶ್ರೀಮಂತರ ಆಟ ಆಡಿ ಬಡವ ಆಗುವುದು ಅಂದರೆ ಇದೇ.

ಎಕ್ಸೆಲ್ ಭಟ್ಟ:
ಒಂದು ನಿಮಿಷ ಸರ್. 5 ಕಟ್ ದಾಟಿದ, 8 ತಪ್ಪಿದ. 13 ಆಯಿತು. 14ನೆಯದು ಎಲ್ಲಿ ಹೋಯಿತು?

ಅಣ್ಣನ ಪರ್ಸು:
ಅದರ ಕಥೆ ಕೇಳಬೇಡಿ. ಆಮೇಲೆ ಹೇಳುತ್ತೇನೆ.

ಎಕ್ಸೆಲ್ ಭಟ್ಟ:
ಸರಿ, ಬಿಟ್ಟೆ. ಲೆಕ್ಕಕ್ಕೆ ಬರೋಣ. ಈಗ ಟೂರ್‌ನಲ್ಲಿ ಎಷ್ಟೋ ಟೂರ್ನಿಗಳ ಒಟ್ಟು ಬಹುಮಾನ 1 ಕೋಟಿ. ಕೇಳಲು ಚೆನ್ನಾಗಿದೆ. ಗೆದ್ದವನಿಗೆ 15 ಲಕ್ಷ, ಎರಡನೆಯವನಿಗೆ 10 ಲಕ್ಷ. ಅಂದರೆ ಕಾಲು ಭಾಗ ಇಬ್ಬರ ಜೇಬಿಗೆ ಹೋಯಿತು. ಉಳಿದ 75 ಲಕ್ಷವನ್ನು ಕಟ್ ದಾಟಿದ ಮಿಕ್ಕ ಐವತ್ತು ಚಿಲ್ಲರೆ ಜನ ಹಂಚಿಕೊಳ್ಳಬೇಕು, ಅದೂ ಸಮವಾಗಿ ಅಲ್ಲ. ಮೇಲಿನವರಿಗೆ ಜಾಸ್ತಿ. ಕೊನೆಯಲ್ಲಿ ನುಸುಳಿದವನಿಗೆ ಆ ವಾರದ ಖರ್ಚು ಹುಟ್ಟಿದರೆ ಪುಣ್ಯ. ಕಟ್ ತಪ್ಪಿದವನಿಗೆ ಸೊನ್ನೆ. ಸಂಬಳ ಇಲ್ಲ, ದಿನಭತ್ಯೆ ಇಲ್ಲ, ಪಂದ್ಯದ ಫೀ ಅನ್ನುವುದೂ ಇಲ್ಲ.

ನಿಮ್ಮ ತಮ್ಮ 14 ವಾರಕ್ಕೆ 55 ಸಾವಿರದಂತೆ ಹಿಡಿದರೂ 7.7 ಲಕ್ಷ ಖರ್ಚು ಮಾಡಿದ್ದಾನೆ. ಬಂದದ್ದು 6. ಕೋಚ್ ಫೀ ಸೇರಿಸಿದರೆ ಮೂರು ಲಕ್ಷದ ಹತ್ತಿರ ಕೈಬಿಟ್ಟಿದೆ. ನಿಜ ಹೇಳಬೇಕು ಅಂದರೆ ಮೊದಲ ಸೀಸನ್‌ಗೆ ಇದು ಕೆಟ್ಟ ಲೆಕ್ಕ ಅಲ್ಲ. ಅಂಗಡಿ ಹಾಕಿದ್ದರೂ ಮೊದಲ ವರ್ಷ ಇಷ್ಟು ಕೈಬಿಡುತ್ತಿತ್ತು.

ಕ್ರಿಕೆಟ್ಟೇ ಸಾಕು:
ಅಂಗಡಿಯಲ್ಲಿ ಸಾಮಾನಾದರೂ ಉಳಿಯುತ್ತದೆ ಭಟ್ಟರೇ.

ಹಳೇ ಬ್ಯಾಗು:
ನಾನು 22 ವರ್ಷ ಕ್ಯಾಡಿ ಕೆಲಸ ಮಾಡಿದವನು. ‘ಶ್ರೀಮಂತರ ಆಟ’ ಅಂದವರಿಗೆ ಒಂದು ಮಾತು. ಆಡುವ ಜಾಗ ಶ್ರೀಮಂತರದು, ಒಪ್ಪುತ್ತೇನೆ. ಆದರೆ ಈ ಟೂರ್‌ನ ಮೊದಲ ಟೀಗೆ (ಆಟ ಶುರುವಾಗುವ ಜಾಗಕ್ಕೆ) ಬಂದು ನೋಡಿ. ಅರ್ಧಕ್ಕರ್ಧ ಹುಡುಗರು ಚೆಂಡು ಹೆಕ್ಕಿ, ಬ್ಯಾಗ್ ಹೊತ್ತು ಬಂದವರೇ. ಅಲಿ ಶೇರ್ ಡೆಲ್ಲಿಯಲ್ಲಿ ಕ್ಯಾಡಿ ಆಗಿದ್ದವರು. 1991ರಲ್ಲಿ ಇಂಡಿಯನ್ ಓಪನ್ ಗೆದ್ದರು. 1993ರಲ್ಲಿ ಮತ್ತೆ ಗೆದ್ದರು. ನಮ್ಮ ಬೆಂಗಳೂರಿನ ಮುನಿಯಪ್ಪ ಕೂಡ ಬ್ಯಾಗ್ ಹೊತ್ತವರೇ. 2010ರಲ್ಲಿ ಇಂಡಿಯನ್ ಓಪನ್ ಗೆದ್ದಾಗ ನಾವೆಲ್ಲ ಕ್ಯಾಡಿ ಶೆಡ್‌ನಲ್ಲಿ ಕುಣಿದಿದ್ದೆವು. ಚೌರಾಸಿಯಾ ಕೂಡ ಕ್ಯಾಡಿಯ ಮಗ.

ಮೂರು ಪಟ್ ರಾಯ:
ಎರಡು ತಿದ್ದುಪಡಿ ಅಣ್ಣ, ಬೇಜಾರು ಮಾಡಿಕೊಳ್ಳಬೇಡಿ. ಮುನಿಯಪ್ಪ ಗೆದ್ದದ್ದು 2009ರಲ್ಲಿ, ಗುರ್‌ಗಾಂವ್‌ನ ಡಿಎಲ್‌ಎಫ್ ಕೋರ್ಸ್‌ನಲ್ಲಿ. ಕೊರಿಯಾದ ಲೀ ಸುಂಗ್ ಜತೆ ಪ್ಲೇಆಫ್‌ಗೆ ಹೋಗಿ ಗೆದ್ದರು. ಚೌರಾಸಿಯಾ ಅವರ ತಂದೆ ರಾಯಲ್ ಕಲ್ಕತ್ತಾ ಕ್ಲಬ್‌ನಲ್ಲಿ ಗ್ರೀನ್ (ಹೋಲ್ ಸುತ್ತಲ ಹುಲ್ಲು) ನೋಡಿಕೊಳ್ಳುತ್ತಿದ್ದವರು, ಕ್ಯಾಡಿ ಅಲ್ಲ. ಆ ಹುಲ್ಲಿನ ಮೇಲೆಯೇ ಮಗ ಆಟ ಕಲಿತ. 2008ರಲ್ಲಿ ಡೆಲ್ಲಿಯಲ್ಲಿ ಇಂಡಿಯನ್ ಮಾಸ್ಟರ್ಸ್ ಗೆದ್ದು ಯುರೋಪಿಯನ್ ಟೂರ್‌ಗೆ ಹೋದ.

ಹಳೇ ಬ್ಯಾಗು:
2009 ಸರಿ. ವಯಸ್ಸಾಯಿತು ರಾಯರೇ, ವರ್ಷ ಮರೆತಿದ್ದೇನೆ. ಕುಣಿದದ್ದು ಮರೆತಿಲ್ಲ.

ಬಿಡದಿ ಬಸ್ಸು:
ಚಿಕ್ಕರಂಗಪ್ಪನ ಹೆಸರು ಇನ್ನೂ ಯಾಕೆ ಬಂದಿಲ್ಲ? ನಮ್ಮ ಬಿಡದಿಯ ಈಗಲ್‌ಟನ್ ಪಕ್ಕದ ಹಳ್ಳಿ ಹುಡುಗ. ಕೋರ್ಸ್ ಪಕ್ಕದಲ್ಲೇ ಬೆಳೆದು, ಅಲ್ಲೇ ಆಟ ಕಲಿತು 2015ರಲ್ಲಿ ಇಡೀ ಟೂರ್‌ನ ಆರ್ಡರ್ ಆಫ್ ಮೆರಿಟ್ ಗೆದ್ದ. ಮನೆಯಲ್ಲಿ ಹಣ ಇದ್ದು ಬಂದವನಲ್ಲ.

ಕ್ರಿಕೆಟ್ಟೇ ಸಾಕು:
ಗೆದ್ದ ನಾಲ್ಕು ಜನರ ಹೆಸರು ಹೇಳಿದಿರಿ. ಗೆಲ್ಲದೆ ವಾಪಸ್ ಬ್ಯಾಗ್ ಹೊತ್ತವರ ಪಟ್ಟಿ ಕೊಡಿ ನೋಡೋಣ.

ಹಳೇ ಬ್ಯಾಗು:
ಕೊಡಬಹುದು. ಉದ್ದ ಇದೆ. ಅದರಲ್ಲಿ ನಾನೂ ಇದ್ದೇನೆ.

ಕಾರ್ಡ್ ಕಳೆದವನು:
ನಾನು ಈ ಟೂರ್‌ನಲ್ಲಿ ನಾಲ್ಕು ಸೀಸನ್ ಆಡಿದವನು. ಈಗ ಮಕ್ಕಳಿಗೆ ಕಲಿಸುತ್ತೇನೆ. ನಿಮ್ಮ ಪೋಸ್ಟ್ ನೋಡಿ ಉತ್ತರ ಬರೆಯದೆ ಇರಲು ಆಗಲಿಲ್ಲ.

ರ‍್ಯಾಂಕ್ ಬಿಡಿ. ನನಗೆ ಬೇರೆ ಎರಡು ವಿಷಯ ಹೇಳಿ. ತಪ್ಪಿದ ಎಂಟು ಕಟ್‌ಗಳಲ್ಲಿ ಎಷ್ಟು ಒಂದೆರಡು ಸ್ಟ್ರೋಕ್‌ನಿಂದ (ಹೊಡೆತದಿಂದ) ತಪ್ಪಿದವು? ದಾಟಿದ ಐದರಲ್ಲಿ ಕೊನೆಯ ಎರಡು ದಿನ ಮೇಲೆ ಹತ್ತಿದನೋ, ಕೆಳಗೆ ಜಾರಿದನೋ?

ಯಾಕೆ ಕೇಳುತ್ತಿದ್ದೇನೆ ಅಂದರೆ, ಎರಡು ದಿನ ಆದ ಮೇಲೆ ಮೊದಲ 50 ಸ್ಥಾನ ಮತ್ತು ಅಷ್ಟೇ ಸ್ಕೋರ್ ಇರುವವರು ಮುಂದಕ್ಕೆ ಹೋಗುತ್ತಾರೆ. ಆ ಗೆರೆಯ ಮೇಲೆ ಒಂದೊಂದು ಸ್ಟ್ರೋಕ್‌ಗೆ ಹತ್ತು ಹದಿನೈದು ಜನ ನಿಂತಿರುತ್ತಾರೆ. ಹೊರಗಿನಿಂದ ನೋಡಿದರೆ ‘ಕಟ್ ತಪ್ಪಿತು’ ಅಂತ ಒಂದೇ ಮಾತು. ಒಳಗೆ ಇರುವವನಿಗೆ ಒಂದರಿಂದ ತಪ್ಪುವುದಕ್ಕೂ ಏಳರಿಂದ ತಪ್ಪುವುದಕ್ಕೂ ಸಂಬಂಧವೇ ಇಲ್ಲ. ಏಳರಿಂದ ತಪ್ಪಿದವನಿಗೆ ಆಟ ಸಾಲದು. ಒಂದರಿಂದ ತಪ್ಪುತ್ತಲೇ ಇರುವವನಿಗೆ ಆಟ ಇದೆ, ಬೇರೆ ಏನೋ ಸಾಲದು.

ನನಗೆ ಏನು ಸಾಲಲಿಲ್ಲ ಅಂತ ಹೇಳುತ್ತೇನೆ. ಎರಡನೇ ದಿನ, ಕೊನೆಯ ಮೂರು ಹೋಲ್. ಕ್ಯಾಡಿ ‘ಕಟ್ ಎರಡು ಓವರ್ ಅಂತೆ’ ಅನ್ನುತ್ತಾನೆ. ನಾನು ಒಂದು ಓವರ್, ಅಂದರೆ ನಿಗದಿತ ಹೊಡೆತಕ್ಕಿಂತ (ಪಾರ್) ಒಂದೇ ಜಾಸ್ತಿ, ಗೆರೆಯ ಒಳಗೇ. ಆಗ ಪಾರ್ ಮಾಡಲು ಹೊರಟೆ ಅಂದರೆ ಮುಗಿಯಿತು ಕಥೆ. ಅಲ್ಲಿಯವರೆಗೆ ನೆಟ್ಟಗೆ ಹೊಡೆಯುತ್ತಿದ್ದ ಕೈ ಜೋಪಾನ ಮಾಡಲು ಶುರು ಮಾಡುತ್ತದೆ. ಮೂರು ಅಡಿಯ ಪಟ್ (ಹೋಲ್‌ಗೆ ಉರುಳಿಸುವ ಸಣ್ಣ ಹೊಡೆತ) ಹೋಲ್ ಹತ್ತಿರ ಹೋಗಿ ನಿಲ್ಲುತ್ತದೆ. ಆ ಪಟ್‌ನ ಬೆಲೆ ನನಗೆ ಗೊತ್ತು. ಅದು ರೂಮ್ ಬಾಡಿಗೆ, ಅದು ಮುಂದಿನ ವಾರದ ಟಿಕೆಟ್. ಪಟ್ಟರ್ ಹಿಡಿದವನ ತಲೆಯಲ್ಲಿ ಅಷ್ಟು ಬಿಲ್ಲು ಇರಬಾರದು.

ಆಮೇಲೆ ರೂಮಿಗೆ ಬಂದು ಟಿಕೆಟ್ ಮುಂಚಿನ ದಿನಕ್ಕೆ ಬದಲಿಸಬೇಕಾ, ಎರಡು ದಿನ ಅಲ್ಲೇ ಇದ್ದು ಪ್ರಾಕ್ಟೀಸ್ ಮಾಡಬೇಕಾ ಅಂತ ಲೆಕ್ಕ. ಎರಡಕ್ಕೂ ದುಡ್ಡು ಬೇಕು. ಜತೆಗೆ ರೂಮ್ ಹಂಚಿಕೊಂಡವನು ಕಟ್ ದಾಟಿದ್ದರೆ ಅವನು ಬೆಳಿಗ್ಗೆ ಐದಕ್ಕೆ ಅಲಾರಂ ಇಡುತ್ತಾನೆ. ನಾವು ನಿದ್ದೆ ಬಂದವರ ಹಾಗೆ ಮಲಗಿರಬೇಕು.

ಅಣ್ಣನ ಪರ್ಸು:
ಸರ್, ಓದಿ ಸುಮ್ನೆ ಕೂತುಬಿಟ್ಟೆ. ಅವನು ಇದ್ಯಾವುದನ್ನೂ ಮನೆಯಲ್ಲಿ ಹೇಳಿಲ್ಲ.

ಅವನ ಹತ್ತಿರ ಕೇಳಿ ಬರೆಯುತ್ತಿದ್ದೇನೆ. ಎಂಟರಲ್ಲಿ ಐದು ಕಟ್ ಒಂದು ಅಥವಾ ಎರಡು ಸ್ಟ್ರೋಕ್‌ನಿಂದ ತಪ್ಪಿದವು. ದಾಟಿದ ಐದರಲ್ಲಿ ಮೂರರಲ್ಲಿ ಮೇಲೆ ಹತ್ತಿದ. ಒಂದರಲ್ಲಿ ಮೊದಲ ಇಪ್ಪತ್ತರೊಳಗೆ ಮುಗಿಸಿದ.

ಕಾರ್ಡ್ ಕಳೆದವನು:
ಹಾಗಾದರೆ ನನ್ನ ಮಟ್ಟಿಗೆ ಉತ್ತರ ಸ್ಪಷ್ಟ. ಇನ್ನೊಂದು ವರ್ಷ ಕೊಡಿ. ಆದರೆ 14 ಟೂರ್ನಿ ಬೇಡ.

ಎಕ್ಸೆಲ್ ಭಟ್ಟ:
ಒಪ್ಪುವುದಿಲ್ಲ ಸರ್. ಐದು ಸಲ ಒಂದೆರಡು ಸ್ಟ್ರೋಕ್‌ನಿಂದ ತಪ್ಪಿತು ಅಂದರೆ ಅದು ‘ಹತ್ತಿರ ಬಂದಿದ್ದಾನೆ’ ಅಂತಲೂ ಆಗಬಹುದು, ‘ಇವನ ಮಟ್ಟ ಇಷ್ಟೇ’ ಅಂತಲೂ ಆಗಬಹುದು. ದಾಟಿದ ಐದರಲ್ಲಿ ಎಷ್ಟು ಒಂದೇ ಸ್ಟ್ರೋಕ್‌ನಿಂದ ದಾಟಿದ? ಅದನ್ನು ಯಾಕೆ ಯಾರೂ ಕೇಳುವುದಿಲ್ಲ? ಅದೃಷ್ಟ ಎರಡೂ ಕಡೆ ಎಣಿಸಬೇಕಲ್ವಾ?

ಅಣ್ಣನ ಪರ್ಸು:
ಎರಡು.

ಎಕ್ಸೆಲ್ ಭಟ್ಟ:
ನೋಡಿ.

ಕಾರ್ಡ್ ಕಳೆದವನು:
ಭಟ್ಟರೇ, ನಿಮ್ಮ ಪ್ರಶ್ನೆ ಸರಿ. ಆದರೂ ಲೆಕ್ಕ ಹುಡುಗನ ಕಡೆಗೇ ವಾಲುತ್ತದೆ. ಗೆರೆಯ ಹತ್ತಿರದ ಏಳು ವಾರದಲ್ಲಿ ಎರಡು ಒಳಗೆ, ಐದು ಹೊರಗೆ. ಮುಂದಿನ ವರ್ಷ ಅರ್ಧಕ್ಕರ್ಧ ಆದರೆ ಸಾಕು, 60ರ ಒಳಗೆ ಬರುವ ಮಾತು.

ಕೆರೆ ಉಳಿಸಿ:
ಎಲ್ಲರೂ ಕಟ್ ಕಟ್ ಅನ್ನುತ್ತೀರಿ. ಈ ಆಟಕ್ಕೆ ಎಷ್ಟು ನೀರು ಬೇಕು ಅಂತ ಯಾರಾದರೂ ಬರೆದಿರಾ? ಬೆಂಗಳೂರಿನಲ್ಲಿ ಚಲ್ಲಘಟ್ಟ ಕೆರೆ ಇದ್ದ ಜಾಗದಲ್ಲಿ ಇವತ್ತು ಏನಿದೆ? ಗಾಲ್ಫ್ ಕೋರ್ಸ್.

ಮೂರು ಪಟ್ ರಾಯ:
ನಿಜ, ಅದು ಕೆರೆ ಇದ್ದ ಜಾಗವೇ. ಇನ್ನೊಂದು ಮಾತು. ಈಗ ಎಷ್ಟೋ ಕೋರ್ಸ್‌ಗಳು ಶುದ್ಧೀಕರಿಸಿದ ಕೊಳಚೆ ನೀರು ಬಳಸುತ್ತವೆ. ಮತ್ತೆ ಆ ಹಸಿರು ಇರದಿದ್ದರೆ ಅಲ್ಲಿ ಏನು ಬರುತ್ತಿತ್ತು ಅಂತ ಸುತ್ತಮುತ್ತಲ ಕಟ್ಟಡ ನೋಡಿ ಹೇಳಿ.

ಕೆರೆ ಉಳಿಸಿ:
‘ನಾವು ನುಂಗದಿದ್ದರೆ ಬೇರೆಯವರು ನುಂಗುತ್ತಿದ್ದರು’ ಅನ್ನುವುದು ಒಂದು ವಾದವೇ?

ಹಳೇ ಬ್ಯಾಗು:
ನೀರಿಲ್ಲದ ಗಾಲ್ಫ್ ಕೂಡ ಇತ್ತು ಸ್ವಾಮಿ. ಗ್ರೀನ್ ಬದಲು ಬ್ರೌನ್. ಮರಳಿಗೆ ಎಣ್ಣೆ ಕಲಸಿ ಹದ ಮಾಡಿ ಹಾಸುತ್ತಿದ್ದರು. ಪಟ್ ಮಾಡುವ ಮುಂಚೆ ದಾರಿ ಎಳೆದು ಸಮ ಮಾಡಬೇಕು. ಜಮ್‌ಶೆಡ್‌ಪುರದ ಬೆಲ್ಡಿ ಕೋರ್ಸ್‌ನಲ್ಲಿ ಮೊದಲು ಬ್ರೌನ್‌ಗಳೇ ಇದ್ದವು. ಬ್ರೌನ್ ಮೇಲೆ ಕಲಿತ ಹುಡುಗ ಹುಲ್ಲಿನ ಗ್ರೀನ್‌ಗೆ ಬಂದರೆ ಮೊದಲ ವಾರ ಅಳುತ್ತಾನೆ. ಹುಲ್ಲು ವಾಲಿದ ಕಡೆ ಚೆಂಡು ವಾಲುತ್ತದೆ ಅಂತಲೇ ಅವನಿಗೆ ಗೊತ್ತಿರುವುದಿಲ್ಲ.

ಬಿಡದಿ ಬಸ್ಸು:
ಜಮ್‌ಶೆಡ್‌ಪುರ ಅಂದಾಗ ನೆನಪಾಯಿತು. ಸೀಸನ್ ಕೊನೆಯ ದೊಡ್ಡ ಟೂರ್ನಿ ಅಲ್ಲೇ ಅಲ್ವಾ? ಒಂಬತ್ತು ಹೋಲ್ ಬೆಲ್ಡಿಯಲ್ಲಿ, ಒಂಬತ್ತು ಗೋಲ್ಮುರಿಯಲ್ಲಿ. ಮಧ್ಯದಲ್ಲಿ ಗಾಡಿ ಹತ್ತಿ ಊರು ದಾಟಬೇಕು. ಅರ್ಧ ಆಟ ಆಡಿ ಗಾಡಿ ಹತ್ತುವ ಟೂರ್ನಿ ಬೇರೆ ಎಲ್ಲಾದರೂ ಇದೆಯಾ?

ಕಾರ್ಡ್ ಕಳೆದವನು:
ನಾನು ಆಡಿದ್ದೇನೆ. ಮೊದಲ ಒಂಬತ್ತು ಹೋಲ್‌ನಲ್ಲಿ ಮೂರು ಬರ್ಡಿ (ಪಾರ್‌ಗಿಂತ ಒಂದು ಕಡಿಮೆ) ಹೊಡೆದವನಿಗೆ ಆ ಗಾಡಿಯಷ್ಟು ಉದ್ದದ ಪ್ರಯಾಣ ಇನ್ನೊಂದಿಲ್ಲ. ಮೂರು ಬೋಗಿ (ಪಾರ್‌ಗಿಂತ ಒಂದು ಜಾಸ್ತಿ) ಹೊಡೆದವನಿಗೆ ಅದಕ್ಕಿಂತ ಒಳ್ಳೆಯ ಬಿಡುವು ಇಲ್ಲ.

ಜಾಗಗಳ ಮಾತು ಬಂದದ್ದು ಒಳ್ಳೆಯದಾಯಿತು. ಅಣ್ಣನವರಿಗೆ ಇದು ಉಪಯೋಗ ಆಗಬಹುದು. ಈ ಟೂರ್‌ನಲ್ಲಿ ಒಂದೇ ಆಟ ಎಲ್ಲ ಕಡೆ ನಡೆಯುವುದಿಲ್ಲ. ಡೆಲ್ಲಿ ಗಾಲ್ಫ್ ಕ್ಲಬ್‌ನಲ್ಲಿ ಎರಡೂ ಪಕ್ಕ ಪೊದೆ. ಡ್ರೈವರ್‌ನಿಂದ (ಉದ್ದ ಹೊಡೆತದ ಕ್ಲಬ್) ಚೆಂಡು ಎಷ್ಟು ದೂರ ಹೋಗುತ್ತದೆ ಅನ್ನುವುದು ಅಲ್ಲಿ ನಡೆಯುವುದಿಲ್ಲ, ನೆಟ್ಟಗೆ ಹೋಗಬೇಕು. ಚಳಿಗಾಲದಲ್ಲಿ ಉತ್ತರದ ಕಡೆ ಮಂಜು ಬಿದ್ದು ಆಟವೇ ತಡವಾಗಿ ಶುರು. ಬೆಳಿಗ್ಗೆ ಎದ್ದು ಮೈ ಬಿಸಿ ಮಾಡಿಕೊಂಡು ಎರಡು ಗಂಟೆ ಸುಮ್ನೆ ನಿಂತಿರಬೇಕು. ಅಸ್ಸಾಂನ ಡಿಗ್‌ಬಾಯ್‌ಗೆ ಹೋಗಿ ಬರುವುದೇ ಒಂದು ಪರೀಕ್ಷೆ, ಆದರೆ ಆ ಕೋರ್ಸ್ ನನಗೆ ಪ್ರಾಣ. ಕೊಲಂಬೊದಲ್ಲಿ ರೈಲು ಹಳಿ ಕೋರ್ಸ್ ನಡುವೆಯೇ ಹಾದುಹೋಗುತ್ತದೆ.

ನಮ್ಮ ಕಡೆಯ ಹುಡುಗರು ಮೊದಲ ವರ್ಷ ಎಡವುವುದು ಇನ್ನೊಂದು ಕಡೆ. ಬೆಂಗಳೂರು ಸಮುದ್ರ ಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ. ಮೈಸೂರು ಅದಕ್ಕಿಂತ ಸ್ವಲ್ಪ ಕೆಳಗೆ. ಗಾಳಿ ತೆಳು, ಚೆಂಡು ಜಾಸ್ತಿ ಹಾರುತ್ತದೆ. 150 ಗಜ ಅಂತ ಇಲ್ಲಿ ಅಳೆದಿಟ್ಟುಕೊಂಡ ಐರನ್ (ಲೋಹದ ತಲೆಯ ಕ್ಲಬ್) ಹೊಡೆತ ಕೋಲ್ಕತ್ತಾದಲ್ಲಿ ನಾಲ್ಕೈದು ಗಜ ಹಿಂದೆ ಬೀಳುತ್ತದೆ. ನಾಲ್ಕೈದು ಗಜ ಅಂದರೆ ಏನು ಮಹಾ ಅನ್ನಿಸುತ್ತದೆ. ಆ ನಾಲ್ಕು ಗಜದಲ್ಲಿ ಬಂಕರ್ (ಮರಳಗುಂಡಿ) ಇರುತ್ತದೆ. ನಿಮ್ಮ ತಮ್ಮ ತಪ್ಪಿದ ಐದು ಕಟ್ ಎಲ್ಲೆಲ್ಲಿ ಅಂತ ಒಮ್ಮೆ ನೋಡಿ.

ಅಣ್ಣನ ಪರ್ಸು:
ಅಯ್ಯೋ. ಕೋಲ್ಕತ್ತಾ, ಢಾಕಾ, ಚೆನ್ನೈ ಇವೆ ಅದರಲ್ಲಿ. ಫೋನ್ ಮಾಡಿ ಹೇಳಿದೆ. ‘ನನಗೆ ಗೊತ್ತು ಬಿಡು ಅಣ್ಣ’ ಅಂದ. ಗೊತ್ತಿಲ್ಲ ಅಂತ ಅವನ ದನಿಯಲ್ಲೇ ಗೊತ್ತಾಯಿತು.

ಕೊಡಗಿನ ಕಾಫಿ:
ಇಷ್ಟು ಹೊತ್ತು ಓದಿದೆ. ಒಬ್ಬರೂ ಹೆಣ್ಣುಮಕ್ಕಳ ಟೂರ್ ಬಗ್ಗೆ ಒಂದು ಸಾಲು ಬರೆಯಲಿಲ್ಲ. ಮೈಸೂರು ಅಂದ ತಕ್ಷಣ ನನಗೆ ಪ್ರಣವಿ ಅರಸ್ ನೆನಪಾಗುತ್ತಾಳೆ. ಇಲ್ಲಿನ ಮಹಿಳಾ ಟೂರ್‌ನಲ್ಲಿ ಆಡಿ, ಗೆದ್ದು, ಈಗ ಯುರೋಪಿನ ಟೂರ್‌ನಲ್ಲಿ ಆಡುತ್ತಿದ್ದಾಳೆ. ಗಂಡುಮಕ್ಕಳ ಬಹುಮಾನದ ಮುಂದೆ ಇಲ್ಲಿ ಅವರಿಗೆ ಸಿಗುವುದು ಏನೇನೂ ಅಲ್ಲ. ಹಾಂಗ್‌ಝೌ ಏಷ್ಯನ್ ಗೇಮ್ಸ್‌ಗೆ ಹೋದ ಮೂರೂ ಹುಡುಗಿಯರು ನಮ್ಮ ರಾಜ್ಯದವರು: ಅದಿತಿ ಅಶೋಕ್, ಅವನಿ ಪ್ರಶಾಂತ್, ಪ್ರಣವಿ. ಎಷ್ಟು ಜನಕ್ಕೆ ಗೊತ್ತು?

ಬಿಡದಿ ಬಸ್ಸು:
ಅದಿತಿ ಗೊತ್ತು ಮೇಡಂ. ಟೋಕಿಯೊ ಒಲಿಂಪಿಕ್ಸ್ ದಿನ ಬೆಳಗಿನ ಜಾವ ಎದ್ದು ಟಿವಿ ಮುಂದೆ ಕೂತಿದ್ದೆ. ನಾಲ್ಕನೇ ಸ್ಥಾನ. ಒಂದೇ ಒಂದು ಸ್ಟ್ರೋಕ್. ನಮ್ಮ ಮನೆಯಲ್ಲಿ ಗಾಲ್ಫ್ ಅಂದರೆ ಏನು ಅಂತ ಅವತ್ತೇ ಗೊತ್ತಾದದ್ದು. ಅಜ್ಜಿ ‘ಆ ಹುಡುಗಿ ಯಾಕೆ ಓಡುತ್ತಿಲ್ಲ’ ಅಂತ ಕೇಳುತ್ತಲೇ ಇದ್ದರು.

ಕೊಡಗಿನ ಕಾಫಿ:
ಹಾಂಗ್‌ಝೌನಲ್ಲಿ ಏಳು ಸ್ಟ್ರೋಕ್ ಮುಂದೆ ಇದ್ದು ಕೊನೆಯ ದಿನ ಬೆಳ್ಳಿಗೆ ಇಳಿದಳು. ಅದೂ ಗಾಲ್ಫ್. ಏಳು ಸ್ಟ್ರೋಕ್ ಕೂಡ ಭದ್ರ ಅಲ್ಲ.

ಮೂರು ಪಟ್ ರಾಯ:
ಕೊಡಗು ಅಂದಿರಿ, ವಿರಾಜ್ ಮಾದಪ್ಪ ನೆನಪಾದ. ಆಡಿ ಬೆಳೆದದ್ದು ಕೋಲ್ಕತ್ತಾದಲ್ಲಿ, ಹೆಸರು ಮಾತ್ರ ಕೇಳಿದರೆ ನಿಮ್ಮ ಪಕ್ಕದ ಮನೆ ಹುಡುಗ. 2018ರಲ್ಲಿ ಬೆಂಗಳೂರಿನ ಕೆಜಿಎ (ಕರ್ನಾಟಕ ಗಾಲ್ಫ್ ಅಸೋಸಿಯೇಷನ್) ಕೋರ್ಸ್‌ನಲ್ಲಿ ಏಷ್ಯನ್ ಟೂರ್ ಟೂರ್ನಿ ಗೆದ್ದಾಗ ಅವನಿಗೆ ಬರೀ 20 ವರ್ಷ.

ಕೊಡಗಿನ ಕಾಫಿ:
ಹೆಣ್ಣುಮಕ್ಕಳ ಬಗ್ಗೆ ಬರೆದರೆ ಎರಡೇ ಉತ್ತರದಲ್ಲಿ ಮತ್ತೆ ಹುಡುಗನಿಗೇ ಬಂದಿರಿ ನೋಡಿ.

ಮೂರು ಪಟ್ ರಾಯ:
ತಪ್ಪಾಯಿತು ಮೇಡಂ. ಪೆನಾಲ್ಟಿ ಸ್ಟ್ರೋಕ್ ಹಾಕಿಕೊಳ್ಳುತ್ತೇನೆ.

ಕ್ರಿಕೆಟ್ಟೇ ಸಾಕು:
ಈ ಟೂರ್ ಕಪಿಲ್ ದೇವ್ ಶುರು ಮಾಡಿದ್ದು ತಾನೇ? ಕೊನೆಗೂ ಕ್ರಿಕೆಟಿಗನೇ ಬೇಕಾಯಿತು.

ಮೂರು ಪಟ್ ರಾಯ:
ಇಲ್ಲ ಗುರು. ಪಿಜಿಟಿಐ ಶುರುವಾದದ್ದು 2006ರಲ್ಲಿ. ಕಪಿಲ್ ಅಧ್ಯಕ್ಷರಾದದ್ದು 2024ರಲ್ಲಿ. ಅವರು ಕ್ರಿಕೆಟ್ ಬಿಟ್ಟ ಮೇಲೆ ಗಾಲ್ಫ್ ಚೆನ್ನಾಗಿಯೇ ಆಡಿದ್ದಾರೆ.

ಬಿಡದಿ ಬಸ್ಸು:
ಇನ್ನೊಂದು ಲೀಗ್ ಶುರುವಾಯಿತಲ್ಲ, ಐಜಿಪಿಎಲ್ (ಇಂಡಿಯನ್ ಗಾಲ್ಫ್ ಪ್ರೀಮಿಯರ್ ಲೀಗ್). ಅಲ್ಲಿಗೆ ಯಾಕೆ ಹೋಗಬಾರದು? ಮೂರೇ ದಿನದ ಆಟ, ಕಟ್ ಇಲ್ಲ. ಆಡಿದವರಿಗೆಲ್ಲ ದುಡ್ಡು. ಗಗನ್‌ಜೀತ್ ಭುಲ್ಲರ್ ಅಂಥವರೇ ಹೋಗಿದ್ದಾರೆ.

ಎಕ್ಸೆಲ್ ಭಟ್ಟ:
ಭುಲ್ಲರ್ ಹೋದರು ಅಂದರೆ ಅವರನ್ನು ಕರೆದರು ಅಂತ. 70ನೇ ರ‍್ಯಾಂಕಿನ ಹುಡುಗನನ್ನು ಯಾರು ಕರೆಯುತ್ತಾರೆ? ಕಟ್ ಇಲ್ಲದ ಟೂರ್ನಿಯಲ್ಲಿ ಜಾಗವೇ ಕಡಿಮೆ ಇರುತ್ತದೆ. ಬಾಗಿಲು ಹೊರಗೇ ಕಟ್ ಆಗಿಹೋಗಿರುತ್ತದೆ.

ಕೊಡಗಿನ ಕಾಫಿ:
ಆ ಲೀಗ್‌ನಲ್ಲಿ ಹೆಣ್ಣುಮಕ್ಕಳೂ ಅದೇ ಪಟ್ಟಿಯಲ್ಲಿ ಆಡುತ್ತಾರೆ. ಅದೊಂದು ನನಗೆ ಇಷ್ಟ ಆಯಿತು.

ಕಾರ್ಡ್ ಕಳೆದವನು:
ಎರಡು ದೋಣಿ ಜಗಳದಲ್ಲಿ ನಾನು ಬೀಳುವುದಿಲ್ಲ. ಒಂದು ಮಾತ್ರ ಹೇಳುತ್ತೇನೆ. ಪಿಜಿಟಿಐನಲ್ಲಿ ಮೊದಲ ಸ್ಥಾನ ಬಂದವನಿಗೆ ಡಿಪಿ ವರ್ಲ್ಡ್ ಟೂರ್ (ಹಳೆಯ ಯುರೋಪಿಯನ್ ಟೂರ್) ಕಾರ್ಡ್ ಸಿಗುತ್ತದೆ. 2022ರಲ್ಲಿ ಮನು ಗಂಡಸ್, 2023ರಲ್ಲಿ ಓಂ ಪ್ರಕಾಶ್ ಚೌಹಾಣ್, 2024ರಲ್ಲಿ ವೀರ್ ಅಹ್ಲಾವತ್ ಹಾಗೇ ಹೋದರು. ಚೌಹಾಣ್ ಮಹೂ ಊರಿನವನು, ದೊಡ್ಡ ಕ್ಲಬ್ಬಿನ ಹುಡುಗ ಅಲ್ಲ. ಏಣಿ ಇದೆ ಅಂತ ಗೊತ್ತಿದ್ದರೆ ಕೆಳಗಿನ ಮೆಟ್ಟಿಲಲ್ಲಿ ನಿಲ್ಲಲು ಒಂದು ಕಾರಣ ಇರುತ್ತದೆ.

ಕ್ರಿಕೆಟ್ಟೇ ಸಾಕು:
14ನೇ ಟೂರ್ನಿ ಕಥೆ ಇನ್ನೂ ಬರಲಿಲ್ಲ.

ಎಕ್ಸೆಲ್ ಭಟ್ಟ:
ನಾನೂ ಅದಕ್ಕೇ ಕಾಯುತ್ತಿದ್ದೇನೆ.

ಅಣ್ಣನ ಪರ್ಸು:
ಸರಿ, ಕೇಳಿ. ಒಂದು ಟೂರ್ನಿಯಲ್ಲಿ ಮೊದಲ ದಿನ 69 ಹೊಡೆದ. ಅವನ ಮಟ್ಟಿಗೆ ವರ್ಷದ ಒಳ್ಳೆಯ ಆಟ. ಎರಡನೇ ದಿನವೂ ಚೆನ್ನಾಗಿಯೇ ಆಡಿದ. ಆರಾಮಾಗಿ ಕಟ್ ದಾಟಿದ್ದ. ಜತೆಗೆ ಆಡುವವನು ತಾನೇ ಇವನ ಸ್ಕೋರ್ ಬರೆಯುವುದು? ಒಂದು ಹೋಲ್‌ನಲ್ಲಿ ಇವನು 5 ಹೊಡೆದಿದ್ದ, ಅವನು 4 ಅಂತ ಬರೆದುಬಿಟ್ಟಿದ್ದ. ಇವನು ನೋಡದೆ ಸಹಿ ಹಾಕಿ ಕೊಟ್ಟ. ಊಟಕ್ಕೆ ಕೂತಾಗ ನೆನಪಾಗಿ ತಾನೇ ಹೋಗಿ ಹೇಳಿದ. ಡಿಸ್ಕ್ವಾಲಿಫೈ.

ಮನೆಗೆ ಬಂದ ಮೇಲೆ ನಾನು ‘ನೀನೇ ಯಾಕೆ ಹೋಗಿ ಹೇಳಿದೆ ಮಾರಾಯ’ ಅಂತ ಬೈದೆ. ಎರಡು ದಿನ ನನ್ನ ಜತೆ ಮಾತಾಡಲಿಲ್ಲ.

ಹಳೇ ಬ್ಯಾಗು:
ಬೈಯಬಾರದಿತ್ತು ಅಣ್ಣ. ಅವನು ಮಾಡಿದ್ದೇ ಸರಿ.

ಕ್ರಿಕೆಟ್ಟೇ ಸಾಕು:
ಒಂದು ಅಂಕಿ ತಪ್ಪು ಬರೆದದ್ದಕ್ಕೆ ಟೂರ್ನಿಯಿಂದಲೇ ಹೊರಗಾ? ಇದೆಂಥ ಆಟ?

ಮೂರು ಪಟ್ ರಾಯ:
ನಿಯಮ ಹಾಗೇ ಇದೆ. ಹೊಡೆದದ್ದಕ್ಕಿಂತ ಕಡಿಮೆ ಬರೆದು ಕಾರ್ಡ್ ಒಪ್ಪಿಸಿದರೆ ಹೊರಗೆ. ಜಾಸ್ತಿ ಬರೆದರೆ ಆ ಜಾಸ್ತಿಯೇ ನಿಲ್ಲುತ್ತದೆ. 1968ರ ಮಾಸ್ಟರ್ಸ್‌ನಲ್ಲಿ ಅರ್ಜೆಂಟೀನಾದ ರಾಬರ್ಟೊ ಡಿ ವಿಸೆಂಜೊಗೆ ಹಾಗೇ ಆಯಿತು. 17ನೇ ಹೋಲ್‌ನಲ್ಲಿ 3 ಹೊಡೆದಿದ್ದ, ಜತೆಯವನು 4 ಬರೆದ, ಇವನು ಸಹಿ ಹಾಕಿದ. ಆ ಒಂದು ಸ್ಟ್ರೋಕ್‌ನಿಂದ ಪ್ಲೇಆಫ್ ತಪ್ಪಿತು.

ಕ್ರಿಕೆಟ್ಟೇ ಸಾಕು:
ಅಂಪೈರ್ ಇಲ್ಲ, ಸ್ಕೋರರ್ ಇಲ್ಲ. ತಾನೇ ಹೋಗಿ ‘ನಾನು ತಪ್ಪು ಮಾಡಿದೆ’ ಅನ್ನಬೇಕು. ನಮ್ಮಲ್ಲಿ ಬ್ಯಾಟಿಗೆ ತಾಗಿದ್ದು ಗೊತ್ತಿದ್ದರೂ ನಿಂತೇ ಇರುತ್ತಾರೆ. ಸರಿ, ಆ ಹುಡುಗ ಆಡಲಿ ಬಿಡಿ.

ಬಿಡದಿ ಬಸ್ಸು:
ಏನಪ್ಪಾ ಇದು, ಕ್ರಿಕೆಟ್ಟೇ ಸಾಕು ಪಕ್ಷ ಬದಲಿಸಿದರು!

ಎಕ್ಸೆಲ್ ಭಟ್ಟ:
ಭಾವನೆ ಪಕ್ಕಕ್ಕಿಡಿ. ಆ ವಾರ ಆರಾಮಾಗಿ ಕಟ್ ದಾಟಿದ್ದ ಅಂದರೆ ನನ್ನ ಲೆಕ್ಕ ಸ್ವಲ್ಪ ಬದಲಾಗುತ್ತದೆ. 14ರಲ್ಲಿ 6 ಅಂತ ಹಿಡಿಯಬೇಕು. ಕಾರ್ಡ್ ಕಳೆದವರೇ, ‘14 ಟೂರ್ನಿ ಬೇಡ’ ಅಂದಿರಲ್ಲ, ಅದನ್ನು ಬಿಡಿಸಿ ಹೇಳಿ. ಖರ್ಚು ಕಡಿಮೆ ಮಾಡುವ ದಾರಿ ಇದ್ದರೆ ನಾನೂ ಹೂಂ ಅನ್ನುತ್ತೇನೆ.

ಕಾರ್ಡ್ ಕಳೆದವನು:
ಹೇಳುತ್ತೇನೆ. ಸೀಸನ್ ಎರಡು ತುಂಡು. ವರ್ಷದ ಮೊದಲ ಕೆಲವು ತಿಂಗಳು ಒಂದು, ಮಳೆಗಾಲ ಇಳಿದ ಮೇಲೆ ಡಿಸೆಂಬರ್‌ವರೆಗೆ ಇನ್ನೊಂದು. ಹೊಸಬರು ಮೊದಲ ತುಂಡಿನಲ್ಲಿ ಎಲ್ಲ ಟೂರ್ನಿಗೂ ಓಡುತ್ತಾರೆ. ನಡುವೆ ಬಿಡುವು ಬರುವ ಹೊತ್ತಿಗೆ ಕೈ ಖಾಲಿ. ಎರಡನೇ ತುಂಡಿನಲ್ಲಿ ಭಯದಲ್ಲಿ ಆಡುತ್ತಾರೆ. ನಾನೂ ಅದನ್ನೇ ಮಾಡಿದೆ, ನಾಲ್ಕೂ ವರ್ಷ.

ನಿಮ್ಮ ತಮ್ಮನಿಗೆ ನಾನು ಹೇಳುವುದು ಇಷ್ಟು. ಕ್ಯೂ ಸ್ಕೂಲ್‌ಗೆ ಹೋಗಲಿ. ಮುಖ್ಯ ಕಾರ್ಡ್ ಸಿಕ್ಕರೆ ಮೊದಲ ತುಂಡಿನಲ್ಲಿ ನಾಲ್ಕೈದು ಟೂರ್ನಿ ಮಾತ್ರ ಆರಿಸಲಿ. ಮೈಸೂರು, ಬೆಂಗಳೂರಿನಲ್ಲಿ ನಡೆದರೆ ಬಿಡಬಾರದು, ಮನೆ ಊಟ, ಗೊತ್ತಿರುವ ಹುಲ್ಲು. ಸಮುದ್ರ ಮಟ್ಟದ ಕೋರ್ಸ್‌ಗೆ ಹೋಗುವುದಾದರೆ ಎರಡು ದಿನ ಮುಂಚೆ ಹೋಗಿ ಪ್ರತಿ ಐರನ್ ಮತ್ತೆ ಅಳೆಯಲಿ. ಕಾರ್ಡ್ ಸಿಗಲಿಲ್ಲ ಅಂದರೆ ನೆಕ್ಸ್‌ಜೆನ್ ಅಂತ ಕೆಳಗಿನ ಟೂರ್ ಇದೆ, 2024ರಿಂದ ನಡೆಯುತ್ತಿದೆ. ಬಹುಮಾನ ಸಣ್ಣದು. ಆದರೆ ಕಟ್ ಗೆರೆಯ ಮೇಲೆ ನಿಂತು ಪಟ್ ಮಾಡುವುದು ಅಲ್ಲೂ ಕಲಿಯಬಹುದು.

ಕ್ಯಾಡಿ ವಿಷಯದಲ್ಲಿ ಮಾತ್ರ ದುಡ್ಡು ಉಳಿಸಬೇಡಿ. ಪ್ರತಿ ವಾರ ಆ ಊರಿನ ಹೊಸ ಹುಡುಗನನ್ನು ಹಿಡಿದರೆ ಅಗ್ಗ. ಆದರೆ ಎರಡನೇ ದಿನ 16ನೇ ಹೋಲ್‌ನಲ್ಲಿ ‘ಕಟ್ ಎರಡು ಓವರ್ ಅಂತೆ’ ಅನ್ನುವವನು ಬೇಡ. ಅದು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ‘ಮಧ್ಯಾಹ್ನ ಏನು ಊಟ?’ ಅನ್ನುವವನು ಬೇಕು.

ಹಳೇ ಬ್ಯಾಗು:
ಇದನ್ನು ಬರೆದು ಗೋಡೆಗೆ ಅಂಟಿಸಿ. 22 ವರ್ಷದಲ್ಲಿ ನಾನು ಆಟಗಾರರಿಗೆ ಕೊಟ್ಟ ಅತಿ ಒಳ್ಳೆಯ ಸಲಹೆ ಎಲ್ಲ ಊಟದ ಬಗ್ಗೆಯೇ.

ಮತ್ತೆ ಅಣ್ಣ, ಒಂದು ಕೇಳಿಕೊಳ್ಳುತ್ತೇನೆ. ಒಂದು ಕ್ಲಬ್‌ನಲ್ಲಿ, ಹೆಸರು ಬೇಡ, ಕಟ್ ತಪ್ಪಿದ ಆಟಗಾರ ನನ್ನ ಕೂಲಿ ಅರ್ಧ ಕೊಟ್ಟು ‘ಮುಂದಿನ ಸಲ ನೋಡೋಣ’ ಅಂದು ಹೋದ. ಆ ಮುಂದಿನ ಸಲ ಬರಲೇ ಇಲ್ಲ. ನಿಮ್ಮ ತಮ್ಮ ಎಷ್ಟೇ ಕಷ್ಟ ಇದ್ದರೂ ಕ್ಯಾಡಿ ಕೂಲಿ ಇಟ್ಟುಕೊಳ್ಳದಿರಲಿ.

ಅಣ್ಣನ ಪರ್ಸು:
ಇಟ್ಟುಕೊಳ್ಳುವುದಿಲ್ಲ. ಎಲ್ಲಕ್ಕಿಂತ ಮೊದಲು ಅದನ್ನೇ ಎತ್ತಿಡುತ್ತಾನೆ. ಒಮ್ಮೆ ಅದಕ್ಕೇ ರಾತ್ರಿ ಬಸ್ಸಿನಲ್ಲಿ ಬಂದಿದ್ದ, ವಿಮಾನದ ಟಿಕೆಟ್ ರದ್ದು ಮಾಡಿ.

ಕೊಡಗಿನ ಕಾಫಿ:
ಮದುವೆ ವಿಷಯ ಏನು ಮಾಡಿದಿರಿ? ಹುಡುಗಿಗೆ ಈ ಲೆಕ್ಕ ಗೊತ್ತಾ?

ಅಣ್ಣನ ಪರ್ಸು:
ಈ ಥ್ರೆಡ್ ಅವಳಿಗೆ ಕಳಿಸಿದೆ ಮೇಡಂ. ಪೂರ್ತಿ ಓದಿ ಎರಡು ಮಾತು ಹೇಳಿದಳು. ಛತ್ರ ಸಣ್ಣದು ಸಾಕು. ಮತ್ತೆ ಎಕ್ಸೆಲ್ ಭಟ್ಟರನ್ನು ಮದುವೆಗೆ ಕರೆಯಲೇಬೇಕು.

ಎಕ್ಸೆಲ್ ಭಟ್ಟ:
ಬರುತ್ತೇನೆ. ಎಷ್ಟು ಜನ ಊಟಕ್ಕೆ ಅಂತ ಮೊದಲೇ ಹೇಳಿ.

ಅಣ್ಣನ ಪರ್ಸು:
ನಿನ್ನೆ ರಾತ್ರಿ ಕೂತು ಮಾತಾಡಿದೆವು. ಕ್ಯೂ ಸ್ಕೂಲ್‌ಗೆ ಹೋಗುತ್ತಾನೆ. ಈ ಸಲ ಒಂದು ಮೊತ್ತ ಗೊತ್ತು ಮಾಡಿಕೊಂಡಿದ್ದೇವೆ. ಅದು ಮುಗಿದ ದಿನ ಯಾವ ಊರಿನಲ್ಲಿದ್ದರೂ ವಾಪಸ್ ಬರಬೇಕು. ಆಮೇಲೆ ಕೋಚಿಂಗ್ ಕೋರ್ಸ್ ಮಾಡುತ್ತಾನೆ. ಇದನ್ನು ಅವನೇ ಹೇಳಿದ್ದು, ನಾನು ಕೇಳಲಿಲ್ಲ. ನಿಯಮ ನಂಬರ್ ಎರಡು: ಕಾರ್ಡ್‌ಗೆ ಸಹಿ ಹಾಕುವ ಮುಂಚೆ ಹದಿನೆಂಟೂ ಹೋಲ್ ಬಾಯಿಬಿಟ್ಟು ಓದಬೇಕು.

ಈಗ ಒಂದು ಸಣ್ಣ ಸಹಾಯ. ಕ್ಯೂ ಸ್ಕೂಲ್ ವಾರ ರೂಮ್ ಹಂಚಿಕೊಳ್ಳುವವರು ಯಾರಾದರೂ ಇದ್ದರೆ ಹೇಳಿ.

ಬಿಡದಿ ಬಸ್ಸು:
ನಮ್ಮ ಊರಿನ ಹುಡುಗ ಒಬ್ಬ ಹೋಗುತ್ತಿದ್ದಾನೆ, ಕೇಳುತ್ತೇನೆ. ನಿಮ್ಮ ತಮ್ಮ ಗೊರಕೆ ಹೊಡೆಯುತ್ತಾನಾ?

ಅಣ್ಣನ ಪರ್ಸು:
ಕಟ್ ದಾಟಿದ ದಿನ ಮಾತ್ರ.

ಬಿಡದಿ ಬಸ್ಸು:
ಹಾಗಾದರೆ ನಮ್ಮ ಹುಡುಗನಿಗೆ ಹತ್ತಿ ತಗೊಂಡು ಹೋಗಲು ಹೇಳುತ್ತೇನೆ.